ಸ್ಮಾರ್ಟ್ ಮೀಟರ್ ಜಾಸ್ತಿ ಓಡಿದಾಗ: ನ್ಯೂಟ್ರಲ್ ತಂತಿಯಿಂದ ಬಿಲ್ ತಿದ್ದುಪಡಿವರೆಗೆ

ಒಂದೇ ಕಟ್ಟಡ, ಮೇಲೊಂದು ಕೆಳಗೊಂದು ಮನೆ, ಎರಡು ಆರ್‌.ಆರ್‌. ನಂಬರು. ಎರಡೂ ಸಿಂಗಲ್ ಫೇಸ್, ತಲಾ 3 ಕಿಲೋವ್ಯಾಟ್ ಮಂಜೂರಾದ ಲೋಡ್. ಚಕ್ರ ತಿರುಗುವ ಹಳೆಯ ಮೀಟರ್ ತೆಗೆದು ಸ್ಮಾರ್ಟ್ ಮೀಟರ್ ಹಾಕಿದ ಮೇಲೆ ಮೇಲಿನ ಮನೆಯ ಬಳಕೆ ತಿಂಗಳಿಗೆ 190 ಯೂನಿಟ್ ಆಸುಪಾಸಿನಿಂದ 290ಕ್ಕೆ ಏರಿತು. ಹೊಸ ಉಪಕರಣ ಬಂದಿರಲಿಲ್ಲ, ಮನೆಯಲ್ಲಿ ಜನ ಹೆಚ್ಚಿರಲಿಲ್ಲ. ಕೆಳಗಿನ ಮನೆಯ ಬಿಲ್ ಮೊದಲಿನಂತೆಯೇ ಇತ್ತು.

ಇಂಥ ಹೊತ್ತಿನಲ್ಲಿ ಎಲ್ಲರೂ ಮೊದಲು ಹೇಳುವುದು ‘ಮೀಟರ್ ಫಾಸ್ಟ್ ಇದೆ’ ಎಂದು. ಬಂದ ಸಿಬ್ಬಂದಿ ಹೇಳುವುದು ‘ಸಾರ್, ಮೀಟರ್ ಸರಿ ಇದೆ, ನಿಮ್ಮ ವೈರಿಂಗ್ ನೋಡಿಸಿ’ ಎಂದು. ಈ ಮನೆಯಲ್ಲಿ ಎರಡು ಮಾತೂ ಅರ್ಧರ್ಧ ನಿಜವಾಗಿದ್ದವು. ಏರಿದ 100 ಯೂನಿಟ್‌ನಲ್ಲಿ ಸುಮಾರು ಅರ್ಧಕ್ಕೆ ವೈರಿಂಗ್ ಕಾರಣ, ಉಳಿದರ್ಧಕ್ಕೆ ಮೀಟರ್ ಕಾರಣ. ಒಂದನ್ನು ಇನ್ನೊಂದರಿಂದ ಬೇರ್ಪಡಿಸಿ ತೋರಿಸುವವರೆಗೆ ದೂರು ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಆದ್ದರಿಂದ ಯಾವ ಕ್ರಮದಲ್ಲಿ ಏನೇನು ಪರೀಕ್ಷಿಸಿದೆವು, ಯಾವ ಅಂಕಿ ಬರೆದುಕೊಂಡೆವು, ಕಚೇರಿಯಲ್ಲಿ ಏನು ಕೇಳಬೇಕಾಯಿತು ಎಂಬುದನ್ನು ವಿವರವಾಗಿ ಬರೆಯುತ್ತಿದ್ದೇವೆ.

ಒಂದು ಎಚ್ಚರಿಕೆ ಮೊದಲೇ. ಮೀಟರ್‌ನ ಸೀಲ್ ಅಥವಾ ಟರ್ಮಿನಲ್ ಕವರ್ ಮುಟ್ಟಬೇಡಿ. ಸ್ಮಾರ್ಟ್ ಮೀಟರ್‌ನ ಕವರ್ ತೆರೆದರೆ ದಿನಾಂಕ, ಗಂಟೆ, ನಿಮಿಷದ ಸಮೇತ ಅದರ ನೆನಪಿನಲ್ಲಿ ದಾಖಲಾಗುತ್ತದೆ. ಆಮೇಲೆ ದೋಷದ ದೂರು ಮೂಲೆಗೆ ಸರಿದು ಕಳ್ಳತನದ ಪ್ರಶ್ನೆ ಮುಂದೆ ಬರುತ್ತದೆ. ಇಲ್ಲಿ ಹೇಳುವ ಅಳತೆಗಳೆಲ್ಲ ಮೀಟರ್‌ನಿಂದ ಹೊರಬಂದ ತಂತಿಯ ಮೇಲೆ, ಮನೆಯ ಮೇನ್ ಸ್ವಿಚ್ ಮತ್ತು ಡಿಬಿಯಲ್ಲಿ (ಮನೆಯೊಳಗೆ ಕರೆಂಟ್ ಹಂಚುವ ಪೆಟ್ಟಿಗೆ) ಮಾಡುವಂಥವು. ಡಿಬಿ ತೆರೆಯುವ ಕೆಲಸ ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಆಗಲಿ.

ಬಿಲ್ಲೂ ಮೀಟರೂ ಒಂದೇ ಮಾತಾಡುತ್ತಿವೆಯೇ?

ಮೀಟರ್ ಮೇಲೆ ಅಚ್ಚಾದ ಸೀರಿಯಲ್ ನಂಬರನ್ನು ಬಿಲ್ಲಿನಲ್ಲಿರುವ ನಂಬರಿನೊಂದಿಗೆ ಹೋಲಿಸಿ. ಒಂದೇ ಬೋರ್ಡಿನಲ್ಲಿ ಎರಡು ಮೂರು ಮೀಟರ್ ಬದಲಿಸುವಾಗ ಅದಲುಬದಲು ಆಗುವುದು ಅಪರೂಪವಲ್ಲ. ಆಗ ಮೇಲಿನ ಮನೆಯವರು ಕೆಳಗಿನ ಮನೆಯ ಕರೆಂಟಿಗೆ ದುಡ್ಡು ಕಟ್ಟುತ್ತಾರೆ. ನಂಬರ್ ಸರಿಯಿದ್ದರೂ ತಂತಿ ಅದಲುಬದಲಾಗಿರಬಹುದು. ಅದಕ್ಕೆ ನಿಮ್ಮ ಮನೆಯ ಹೀಟರ್ ಹಾಕಿ ಯಾವ ಮೀಟರ್‌ನ ಕೆಂಪು ಎಲ್‌ಇಡಿ ವೇಗವಾಗಿ ಮಿಟುಕುತ್ತದೆ ಎಂದು ನೋಡಿದರೆ ಸಾಕು.

ಆಮೇಲೆ ರೀಡಿಂಗ್. ಸ್ಮಾರ್ಟ್ ಮೀಟರ್ ಪ್ರತಿ ತಿಂಗಳ 1ನೇ ತಾರೀಖಿನ ಮಧ್ಯರಾತ್ರಿ ಒಟ್ಟು ಯೂನಿಟ್ಟನ್ನು ತನ್ನಲ್ಲೇ ಉಳಿಸಿಕೊಳ್ಳುತ್ತದೆ. ಗುಂಡಿ ಒತ್ತುತ್ತ ಹೋದರೆ ಡಿಸ್‌ಪ್ಲೇಯಲ್ಲಿ ಈಗಿನ ಒಟ್ಟು ರೀಡಿಂಗ್, ವೋಲ್ಟೇಜ್, ಕರೆಂಟ್, ಗರಿಷ್ಠ ಬೇಡಿಕೆ (ಅರ್ಧ ಗಂಟೆಯ ಸರಾಸರಿಯಲ್ಲಿ ಅತಿ ಹೆಚ್ಚು ಬಳಸಿದ ಲೋಡ್), ಹಿಂದಿನ ತಿಂಗಳ ರೀಡಿಂಗ್ ಒಂದೊಂದಾಗಿ ಬರುತ್ತವೆ. ಎಲ್ಲವನ್ನೂ ಸೀರಿಯಲ್ ನಂಬರು ಕಾಣುವಂತೆ ಫೋಟೋ ತೆಗೆದಿಡಿ. ಬಿಲ್ಲಿನ ರೀಡಿಂಗ್ ಇದಕ್ಕಿಂತ ಬೇರೆ ಇದ್ದರೆ ಮೀಟರ್ ಕೆಟ್ಟಿಲ್ಲ, ದೋಷ ಇರುವುದು ದತ್ತಾಂಶದ ದಾರಿಯಲ್ಲಿ. ಮೀಟರ್‌ನ ಸಂಪರ್ಕ ಮಾಡ್ಯೂಲ್ ಕೆಲವು ದಿನ ಸರ್ವರಿಗೆ ಮಾತಾಡದಿದ್ದರೆ ಅಲ್ಲಿ ಅಂದಾಜು ರೀಡಿಂಗ್ ಹಾಕಲಾಗುತ್ತದೆ, ನಿಜವಾದ ರೀಡಿಂಗ್ ಬಂದ ತಿಂಗಳು ಬಿಲ್ ಏಕಾಏಕಿ ಜಿಗಿಯುತ್ತದೆ ಅಥವಾ ಕುಸಿಯುತ್ತದೆ. ಮೊದಲ ಬಿಲ್ ಮಾತ್ರ ವಿಪರೀತ ಬಂದಿದ್ದರೆ ಹಳೆಯ ಮೀಟರ್‌ನ ಕೊನೆಯ ರೀಡಿಂಗ್ ತಪ್ಪಾಗಿ ನಮೂದಾಗಿದೆಯೇ ನೋಡಿ. ಮೀಟರ್ ಬದಲಿಸಿದ ದಿನ ಕೊಡುವ ವರದಿಯ ಪ್ರತಿ ಇಲ್ಲಿ ಬೇಕಾಗುತ್ತದೆ.

ನಮ್ಮ ಪ್ರಕರಣದಲ್ಲಿ ನಂಬರ್, ತಂತಿ, ರೀಡಿಂಗ್ ಮೂರೂ ತಾಳೆಯಾದವು. ಅಂದರೆ ಮೀಟರ್ ಎಣಿಸಿದ್ದನ್ನೇ ಬಿಲ್ ಹೇಳುತ್ತಿದೆ. ಉಳಿದ ಪ್ರಶ್ನೆ ಮೀಟರ್ ಎಣಿಸಿದ್ದು ಸರಿಯೇ ಎಂಬುದು.

ಮೇನ್ ಆಫ್ ಮಾಡಿ ನೋಡುವುದು

ಮನೆಯ ಮೇನ್ ಆಫ್ ಮಾಡಿ ಹತ್ತು ನಿಮಿಷ ಎಲ್‌ಇಡಿಯನ್ನು ಗಮನಿಸಬೇಕು. ಒಂದೂ ಮಿಟುಕು ಬರಬಾರದು. ಕೆಲವು ಮೀಟರ್‌ಗಳಲ್ಲಿ ಲೋಡ್ ಇಲ್ಲದಾಗ ಎಲ್‌ಇಡಿ ಸ್ಥಿರವಾಗಿ ಉರಿಯುತ್ತದೆ, ಅದು ಎಣಿಕೆಯಲ್ಲ. ಮೀಟರ್ ತನ್ನ ಕೆಲಸಕ್ಕೆ ಬಳಸುವ ಕರೆಂಟ್ ಕೂಡ ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ, ಅದನ್ನು ಅದು ಒಳಬರುವ ಬದಿಯಿಂದ ಪಡೆಯುತ್ತದೆ.

ಇಲ್ಲಿ ಬಹಳ ಜನ ಗಮನಿಸದ ವಿಷಯವೊಂದಿದೆ. ಮೇನ್ ಡಬಲ್ ಪೋಲ್ ಆಗಿರಬೇಕು, ಅಂದರೆ ಫೇಸ್ ಜೊತೆಗೆ ನ್ಯೂಟ್ರಲ್ ಕೂಡ ಕತ್ತರಿಸುವಂಥದ್ದು. ಸಿಂಗಲ್ ಪೋಲ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಫೇಸನ್ನು ಮಾತ್ರ ಕತ್ತರಿಸುತ್ತದೆ. ನ್ಯೂಟ್ರಲ್ ಮನೆಗೆ ಜೋಡಿಕೊಂಡೇ ಇರುತ್ತದೆ. ‘ಮೇನ್ ಆಫ್ ಮಾಡಿದರೂ ಮೀಟರ್ ಓಡುತ್ತಿದೆ’ ಎಂಬ ದೂರುಗಳಲ್ಲಿ ಹಲವು ಹುಟ್ಟುವುದು ಇಲ್ಲಿಂದಲೇ.

ಕಾರಣ ಹೀಗಿದೆ. ಹಳೆಯ ಚಕ್ರದ ಮೀಟರ್ ಫೇಸ್ ತಂತಿಯಲ್ಲಿ ಹೋಗುವ ಕರೆಂಟನ್ನು ಮಾತ್ರ ಅಳೆಯುತ್ತಿತ್ತು. ನಮ್ಮ ದೇಶದಲ್ಲಿ ಮನೆಗಳಿಗೆ ಹಾಕುವ ಈಗಿನ ಸಿಂಗಲ್ ಫೇಸ್ ಎಲೆಕ್ಟ್ರಾನಿಕ್ ಮತ್ತು ಸ್ಮಾರ್ಟ್ ಮೀಟರ್‌ಗಳಲ್ಲಿ ಎರಡು ಅಳತೆಗಳಿರುತ್ತವೆ: ಸಾಮಾನ್ಯವಾಗಿ ಫೇಸಿಗೆ ಒಂದು ಶಂಟ್ (ಕರೆಂಟ್ ಅಳೆಯುವ ಸಣ್ಣ ಲೋಹದ ಪಟ್ಟಿ), ನ್ಯೂಟ್ರಲ್‌ಗೆ ಒಂದು ಸಣ್ಣ ಸಿಟಿ, ಅಂದರೆ ಕರೆಂಟ್ ಟ್ರಾನ್ಸ್‌ಫಾರ್ಮರ್. ಸರಿಯಾದ ವೈರಿಂಗ್‌ನಲ್ಲಿ ಫೇಸಿನಲ್ಲಿ ಹೋದಷ್ಟೇ ಕರೆಂಟ್ ನ್ಯೂಟ್ರಲ್‌ನಲ್ಲಿ ವಾಪಸು ಬರುತ್ತದೆ. ಎರಡರ ನಡುವೆ ಗಣನೀಯ ವ್ಯತ್ಯಾಸ ಕಂಡರೆ ಮೀಟರ್ ಹೆಚ್ಚಿರುವುದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಡಿಸ್‌ಪ್ಲೇಯಲ್ಲಿ ಅರ್ತ್ ಸೂಚನೆ ತೋರಿಸುತ್ತದೆ. ನ್ಯೂಟ್ರಲ್ ಬದಲು ಅರ್ತಿಂಗ್ ತಂತಿಗೆ ಲೋಡ್ ಕೊಟ್ಟು ಮೀಟರ್ ತಪ್ಪಿಸುವವರನ್ನು ತಡೆಯಲು ಮಾಡಿದ ಏರ್ಪಾಡಿದು. ಏರ್ಪಾಡಿನಲ್ಲಿ ತಪ್ಪಿಲ್ಲ. ಆದರೆ ಹಳೆಯ ಮನೆಗಳ ಬೆಸೆದ ನ್ಯೂಟ್ರಲ್‌ಗಳು ಇದರ ಎದುರು ಬಯಲಾಗುತ್ತವೆ. ‘ಅದೇ ವೈರಿಂಗ್, ಇಷ್ಟು ವರ್ಷ ಏನೂ ಆಗಲಿಲ್ಲ, ಈಗೇಕೆ?’ ಎಂಬ ಪ್ರಶ್ನೆಗೆ ಉತ್ತರ ಇಷ್ಟೇ.

ಎರಡು ಸಂಪರ್ಕವಿರುವ ಕಟ್ಟಡದಲ್ಲಿ ನ್ಯೂಟ್ರಲ್ ಬೆರೆಯುವ ಜಾಗಗಳು ಹೆಚ್ಚೇನಿಲ್ಲ. ಮೆಟ್ಟಿಲಿನ ಟೂ ವೇ ದೀಪ, ಸಂಪಿನ ಪಂಪು, ಗೇಟಿನ ದೀಪ, ಯುಪಿಎಸ್ ಇನ್ವರ್ಟರ್ ಲೈನು, ಕೊನೆಗೆ ಒಂದೇ ಸ್ವಿಚ್‌ಬೋರ್ಡಿನಲ್ಲಿ ಎರಡೂ ಮನೆಯ ತಂತಿ ಬಂದಿರುವ ಕಡೆ. ಈ ಮನೆಯಲ್ಲಿ ಸಿಕ್ಕಿದ್ದು ಪಂಪು. 1 ಎಚ್‌ಪಿ ಮೋಟರಿಗೆ ಫೇಸ್ ಕೆಳಗಿನ ಮನೆಯಿಂದ, ನ್ಯೂಟ್ರಲ್ ಮೇಲಿನ ಮನೆಯಿಂದ. ಪತ್ತೆ ಹಚ್ಚಲು ಸುಲಭದ ದಾರಿ ಇದೆ: ಮೇಲಿನ ಮನೆಯ ಡಬಲ್ ಪೋಲ್ ಮೇನ್ ಆಫ್ ಮಾಡಿ ಪಂಪ್ ಹಾಕಿದರೆ ಅದು ಓಡಲಿಲ್ಲ. ಮೇನ್ ಆನ್ ಮಾಡಿ, ಮೇಲಿನ ಮನೆಯ ಬೇರೆಲ್ಲ ಎಂಸಿಬಿ ಆಫ್ ಮಾಡಿ ಪಂಪ್ ಹಾಕಿದಾಗ ಮೇಲಿನ ಮೀಟರ್ ಫೇಸಿನಲ್ಲಿ ಸೊನ್ನೆ, ನ್ಯೂಟ್ರಲ್‌ನಲ್ಲಿ ಕರೆಂಟ್ ತೋರಿಸಿ ಜೋರಾಗಿ ಮಿಟುಕಿತು.

ಇದನ್ನೇ ತಂತಿಯ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್‌ನಿಂದ ಇನ್ನೂ ಚೆನ್ನಾಗಿ ನೋಡಬಹುದು. ಮೇನ್‌ನಿಂದ ಹೊರಡುವ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕ್ಲ್ಯಾಂಪಿನ ಬಾಯೊಳಗೆ ಹಿಡಿಯಿರಿ. ಹೋಗುವುದೂ ಬರುವುದೂ ಸಮನಾಗಿದ್ದರೆ ಸೊನ್ನೆ ಬರುತ್ತದೆ. ಅಲ್ಲಿ ಏನು ಉಳಿದರೂ ಅದು ಬೇರೆ ಮನೆಯ ಕರೆಂಟ್ ಅಥವಾ ನೆಲಕ್ಕೆ ಸೋರುತ್ತಿರುವ ಕರೆಂಟ್. ಗೀಸರ್ ಕಾಯಿಲ್ ಸೋರುತ್ತಿದ್ದರೆ ಫೇಸ್ ಹೆಚ್ಚು, ನ್ಯೂಟ್ರಲ್ ಕಡಿಮೆ ಇರುತ್ತದೆ. ಬೇರೆಯವರ ನ್ಯೂಟ್ರಲ್ ಸೇರಿದ್ದರೆ ಸಾಮಾನ್ಯವಾಗಿ ಉಲ್ಟಾ.

ಪಂಪು ಸುಮಾರು 1.05 ಕಿಲೋವ್ಯಾಟ್ ಎಳೆಯುತ್ತಿತ್ತು, ದಿನಕ್ಕೆ ಒಂದೂಕಾಲು ಗಂಟೆ ಓಡುತ್ತಿತ್ತು. ತಿಂಗಳಿಗೆ 40 ಯೂನಿಟ್ ಹತ್ತಿರ. ಕೆಳಗಿನ ಮೀಟರ್ ಇದನ್ನು ಫೇಸಿನಲ್ಲಿ ಎಣಿಸುತ್ತಿತ್ತು, ಮೇಲಿನ ಮೀಟರ್ ನ್ಯೂಟ್ರಲ್‌ನಲ್ಲಿ ಇನ್ನೊಮ್ಮೆ. ಒಂದೇ ನೀರಿಗೆ ಎರಡು ಬಿಲ್. ಪಂಪಿನ ನ್ಯೂಟ್ರಲ್ಲನ್ನು ಕೆಳಗಿನ ಡಿಬಿಯ ನ್ಯೂಟ್ರಲ್ ಲಿಂಕಿಗೆ ವರ್ಗಾಯಿಸಲು 2.5 ಚದರ ಮಿಲಿಮೀಟರ್ ತಾಮ್ರದ ತಂತಿ ಎಳೆದದ್ದು ಬಿಟ್ಟರೆ ಬೇರೆ ಕೆಲಸ ಬೀಳಲಿಲ್ಲ. ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಪಂಪ್ ಹಾಕಿದಾಗಲೆಲ್ಲ 30 ಮಿಲಿಆಂಪಿಯರ್‌ನಷ್ಟು ಕರೆಂಟ್ ಸೋರಿದರೂ ಸಂಪರ್ಕ ಕಡಿಯುವ ಆರ್‌ಸಿಸಿಬಿ ಬೀಳುತ್ತದೆ ಎಂದು ಅದನ್ನೇ ಬೈಪಾಸ್ ಮಾಡಿಸಿಕೊಂಡ ಮನೆಗಳು ಬೇಕಾದಷ್ಟಿವೆ. ಅದು ಬೀಳುತ್ತಿದ್ದದ್ದು ಇದೇ ನ್ಯೂಟ್ರಲ್ ಬೆರಕೆಗೆ. ಜೀವ ಉಳಿಸುವ ಸಾಧನವನ್ನು ಕಿತ್ತು ಹಾಕುವ ಬದಲು ನ್ಯೂಟ್ರಲ್ ಬಿಡಿಸಬೇಕು.

ವೈರಿಂಗ್ ಸರಿಯಾದ ಮೇಲೂ ಉಳಿದದ್ದು

ಪಂಪಿನ ತಂತಿ ಬದಲಿಸಿದ ಮುಂದಿನ ಪೂರ್ತಿ ತಿಂಗಳು ಮೇಲಿನ ಮೀಟರ್ 240 ಯೂನಿಟ್ ತೋರಿಸಿತು. 290ರಿಂದ ಇಳಿದಿದೆ, ಆದರೆ 190ಕ್ಕೆ ಬಂದಿಲ್ಲ. ಅನೇಕರು ಇಲ್ಲಿಗೆ ಬಿಟ್ಟುಬಿಡುತ್ತಾರೆ, ಸೆಖೆಗಾಲ ಅಂದುಕೊಂಡು. ಮೀಟರ್‌ನ ಅಸಲಿ ದೋಷ ಹಿಡಿಯಲು ಸಾಧ್ಯವಾಗುವುದು ಈಗಲೇ, ಯಾಕೆಂದರೆ ವೈರಿಂಗ್ ಮೇಲೆ ಹೊರಿಸಲು ಇನ್ನೇನೂ ಉಳಿದಿಲ್ಲ.

ಒಂದು ಶುದ್ಧ ರೆಸಿಸ್ಟಿವ್ ಲೋಡ್ ಬೇಕು. ನೀರು ಕಾಯಿಸುವ 1500 ವ್ಯಾಟ್ ಹೀಟರ್ ರಾಡ್ ಒಳ್ಳೆಯದು. ಫ್ಯಾನ್, ಫ್ರಿಜ್, ಎಲ್‌ಇಡಿ ದೀಪ ಬೇಡ. ಅವುಗಳ ಪವರ್ ಫ್ಯಾಕ್ಟರ್ 1 ಅಲ್ಲದ್ದರಿಂದ ವೋಲ್ಟೇಜನ್ನು ಕರೆಂಟಿನಿಂದ ಗುಣಿಸಿದರೆ ವ್ಯಾಟ್ ಬರುವುದಿಲ್ಲ. ರಾಡ್ ಮೇಲೆ ಬರೆದ ವ್ಯಾಟ್ ನಂಬಬೇಡಿ. ವೋಲ್ಟೇಜ್ ಬದಲಾದರೆ ಅದರ ವರ್ಗಕ್ಕೆ ತಕ್ಕಂತೆ ವ್ಯಾಟ್ ಬದಲಾಗುತ್ತದೆ. ಪರೀಕ್ಷೆಯ ಹೊತ್ತಿನಲ್ಲೇ ವೋಲ್ಟೇಜ್ ಮತ್ತು ಕರೆಂಟ್ ಅಳೆಯಬೇಕು. ಮನೆಯ ಉಳಿದ ಎಲ್ಲ ಎಂಸಿಬಿ ಆಫ್, ರಾಡ್ ಒಂದೇ ಆನ್.

ಡಿಬಿಯಲ್ಲಿ ಅಳೆದಾಗ ವೋಲ್ಟೇಜ್ 232, ಫೇಸಿನಲ್ಲಿ 6.3 ಆಂಪಿಯರ್, ನ್ಯೂಟ್ರಲ್‌ನಲ್ಲಿಯೂ 6.3. ಎರಡನ್ನೂ ಒಟ್ಟಿಗೆ ಹಿಡಿದಾಗ ಸೊನ್ನೆ. ಅಂದರೆ ಸೋರಿಕೆಯಿಲ್ಲ, ಬೆರಕೆಯಿಲ್ಲ, ನಿಜವಾದ ಲೋಡ್ 1,462 ವ್ಯಾಟ್. ಅದೇ ಕ್ಷಣ ಮೀಟರ್‌ನ ಡಿಸ್‌ಪ್ಲೇ ಫೇಸ್ ಕರೆಂಟ್ 6.3 ಎಂದು ಸರಿಯಾಗಿ ತೋರಿಸಿ, ನ್ಯೂಟ್ರಲ್ ಕರೆಂಟ್ 7.95 ಎಂದಿತು. ಅರ್ತ್ ಸೂಚನೆ ಉರಿಯುತ್ತಲೇ ಇತ್ತು. ದೋಷ ಇಷ್ಟೇ: ನ್ಯೂಟ್ರಲ್ ಬದಿಯ ಅಳತೆ ಹೆಚ್ಚು ಹೇಳುತ್ತಿದೆ, ಮೀಟರ್ ತನ್ನ ನಿಯಮದಂತೆ ಹೆಚ್ಚಿರುವುದನ್ನೇ ನಂಬುತ್ತಿದೆ. ಸಿಟಿಗೆ ಜೋಡಿಸಿದ, ಅದರ ಕರೆಂಟನ್ನು ವೋಲ್ಟೇಜಾಗಿ ಬದಲಿಸುವ ಬರ್ಡನ್ ರೆಸಿಸ್ಟರಿನ ಮೌಲ್ಯ ಏರಿದರೆ ಅಥವಾ ಆ ಬದಿಯ ಕ್ಯಾಲಿಬ್ರೇಶನ್ ಅಂಕಿ ಕೆಟ್ಟರೆ ಹೀಗಾಗುತ್ತದೆ. ಫೇಸ್ ಬದಿ ಸರಿಯಾಗಿರುವುದರಿಂದ ಅವಸರದ ಪರೀಕ್ಷೆಯಲ್ಲಿ ಇದು ಸಿಗುವುದೇ ಇಲ್ಲ.

ಡಿಸ್‌ಪ್ಲೇ ತೋರಿಸಿದ್ದು ಲೆಕ್ಕಕ್ಕೂ ಹೋಗುತ್ತಿದೆಯೇ ಎಂದು ಖಚಿತಪಡಿಸಲು ಪಲ್ಸ್ ಎಣಿಸಬೇಕು. ಮೀಟರ್ ಮುಖದ ಮೇಲೆ ಒಂದು ಯೂನಿಟ್ಟಿಗೆ ಎಷ್ಟು ಮಿಟುಕು ಎಂದು ಅಚ್ಚಾಗಿರುತ್ತದೆ. ಈ ಮೀಟರಿಗೆ 3200. ನಿಮ್ಮದು ಬೇರೆ ಇರಬಹುದು, ಓದಿಕೊಳ್ಳಿ. ಸೂತ್ರ ಹೀಗೆ: ಮಿಟುಕುಗಳ ಸಂಖ್ಯೆಯನ್ನು 3600ರಿಂದ ಗುಣಿಸಿ, ಸೆಕೆಂಡು ಮತ್ತು ಪಲ್ಸ್ ಸ್ಥಿರಾಂಕದ ಗುಣಲಬ್ಧದಿಂದ ಭಾಗಿಸಿದರೆ ಕಿಲೋವ್ಯಾಟ್. 1,462 ವ್ಯಾಟಿಗೆ 100 ಮಿಟುಕು ಸುಮಾರು 77 ಸೆಕೆಂಡಿನಲ್ಲಿ ಬರಬೇಕು. ಬಂದದ್ದು 61 ಸೆಕೆಂಡಿನಲ್ಲಿ. ಅಂದರೆ ಮೀಟರ್ ಎಣಿಸುತ್ತಿರುವುದು 1,844 ವ್ಯಾಟ್, ನಿಜದ 1.26 ಪಟ್ಟು. ಡಿಸ್‌ಪ್ಲೇಯ 7.95ನ್ನು 6.3ರಿಂದ ಭಾಗಿಸಿದರೂ ಬರುವುದು ಅದೇ 1.26. ಎರಡು ಬೇರೆ ಬೇರೆ ಅಳತೆ ಒಂದೇ ಅಂಕಿಗೆ ಬಂದು ನಿಂತಾಗ ಅನುಮಾನಕ್ಕೆ ಜಾಗ ಉಳಿಯುವುದಿಲ್ಲ.

ಸೆಕೆಂಡಿಗೆ ಒಂದೂವರೆ ಮಿಟುಕನ್ನು ಕಣ್ಣಿನಲ್ಲಿ ಎಣಿಸಿದರೆ ತಪ್ಪುತ್ತದೆ. ಮೊಬೈಲಿನಲ್ಲಿ ವಿಡಿಯೋ ಮಾಡಿ ನಿಧಾನವಾಗಿ ಓಡಿಸಿ ಎಣಿಸಿ. ವಿಡಿಯೋ ಶುರುವಿನಲ್ಲಿ ಸೀರಿಯಲ್ ನಂಬರು, ಜೊತೆಗೆ ಕ್ಲ್ಯಾಂಪ್ ಮೀಟರ್‌ನ ಅಂಕಿ ಒಂದೇ ಓಟದಲ್ಲಿ ಬಂದಿದ್ದರೆ ಮುಂದೆ ತೋರಿಸಲು ಅನುಕೂಲ. ಮನೆಯ ಸಾಮಾನ್ಯ ಕ್ಲ್ಯಾಂಪ್ ಮೀಟರ್ ಎರಡು ಮೂರು ಶೇಕಡಾ ಆಚೀಚೆ ಹೇಳಬಹುದು. ಶೇಕಡಾ 2ರ ವ್ಯತ್ಯಾಸ ಹಿಡಿಯಲು ಈ ವಿಧಾನ ಸಾಲದು, ಶೇಕಡಾ 26ಕ್ಕೆ ಧಾರಾಳ ಸಾಕು. ಕ್ಲಾಸ್ 1 ನಿಖರತೆಯ ಮೀಟರಿಗೆ ಸಾಮಾನ್ಯ ಲೋಡಿನಲ್ಲಿ ಪ್ರಯೋಗಾಲಯದ ಮಿತಿ ಶೇಕಡಾ 1 ಎಂಬುದನ್ನು ನೆನಪಿಡಿ.

ಹೊರದೇಶದ ಒಂದು ಅಧ್ಯಯನವನ್ನು ಇಲ್ಲಿ ಬಹಳ ಮಂದಿ ಎತ್ತುತ್ತಾರೆ. 2017ರಲ್ಲಿ ನೆದರ್ಲೆಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ ಕೆಲವು ಮೀಟರ್‌ಗಳು ಶೇಕಡಾ 582ರವರೆಗೂ ಹೆಚ್ಚು ತೋರಿಸಿದ್ದವು. ಅದು ಡಿಮ್ಮರ್ ಹಾಕಿದ ಎಲ್‌ಇಡಿ, ಸಿಎಫ್‌ಎಲ್ ದೀಪಗಳ ಕೆಟ್ಟ ತರಂಗರೂಪದಲ್ಲಿ ಕಂಡದ್ದು. ಅಂಥ ದೊಡ್ಡ ದೋಷ ಕಂಡದ್ದು ರೊಗೋವ್‌ಸ್ಕಿ ಕಾಯಿಲ್ ಎಂಬ ಕರೆಂಟ್ ಸಂವೇದಕ ಇರುವ ಮೀಟರ್‌ಗಳಲ್ಲಿ. ಹೀಟರ್ ರಾಡಿನಲ್ಲಿ ಶೇಕಡಾ 26 ಏರುವ ದೋಷಕ್ಕೂ ಅದಕ್ಕೂ ಸಂಬಂಧವಿಲ್ಲ. ಅದನ್ನು ದೂರಿನಲ್ಲಿ ಬರೆದರೆ ಮಾತು ದಾರಿ ತಪ್ಪುತ್ತದೆ.

ದೂರು ಬರೆಯುವ ಬಗೆ

1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಿರಿ, ಆದರೆ ಅದರ ಮೇಲೆಯೇ ಕುಳಿತುಕೊಳ್ಳಬೇಡಿ. ಉಪವಿಭಾಗದ ಎಇಇ (ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್) ಅವರ ಹೆಸರಿಗೆ ಲಿಖಿತ ಅರ್ಜಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಬೇಕು. ಗಡುವುಗಳು ಲೆಕ್ಕಕ್ಕೆ ಬರುವುದು ಆ ದಿನಾಂಕದಿಂದ. ಅರ್ಜಿಯಲ್ಲಿ ಕಷ್ಟಸುಖ ಬರೆಯುವುದಕ್ಕಿಂತ ಅಂಕಿ ಬರೆಯಿರಿ: ಆರ್‌.ಆರ್‌. ನಂಬರು, ಅಕೌಂಟ್ ಐಡಿ, ಮೀಟರ್ ಸೀರಿಯಲ್, ಹಳೆಯ ಮೀಟರ್ ಇದ್ದಾಗಿನ ಮತ್ತು ಈಗಿನ ತಿಂಗಳವಾರು ಯೂನಿಟ್, ನ್ಯೂಟ್ರಲ್ ಬೆರಕೆ ಸರಿಪಡಿಸಿದ ದಿನಾಂಕ ಮತ್ತು ಕೆಲಸ ಮಾಡಿದ ಎಲೆಕ್ಟ್ರಿಷಿಯನ್‌ನ ಚೀಟಿ, ಆಮೇಲಿನ ಪರೀಕ್ಷೆಯ ವೋಲ್ಟೇಜ್, ಕರೆಂಟ್, ಪಲ್ಸ್. ‘ಮೀಟರ್ ಫಾಸ್ಟ್ ಇದೆ’ ಎಂಬುದರ ಬದಲು ‘ಮೀಟರ್‌ನ ನ್ಯೂಟ್ರಲ್ ಕರೆಂಟ್ ಅಳತೆ ತಪ್ಪಾಗಿದೆ, ಫೇಸ್ ಅಳತೆ ಸರಿಯಿದೆ’ ಎಂದು ಬರೆಯಿರಿ. ಶಾಖಾಧಿಕಾರಿ ವೈರಿಂಗ್ ಮಾತು ಎತ್ತಿದ ಕೂಡಲೇ ಮುಂದಿಡಲು ಆ ಚೀಟಿ ಇತ್ತು. ಚರ್ಚೆ ಅಲ್ಲಿಂದ ಮೀಟರ್ ಕಡೆ ತಿರುಗಿತು.

ಕೇಳುವ ಹಕ್ಕು ಯಾವುದು ಎಂಬುದೂ ಗೊತ್ತಿರಲಿ. ಕೇಂದ್ರದ ಗ್ರಾಹಕರ ವಿದ್ಯುತ್ ಹಕ್ಕುಗಳ ನಿಯಮಗಳು 2020ರ ಪ್ರಕಾರ ರೀಡಿಂಗ್ ಬಳಕೆಗೆ ತಕ್ಕಂತಿಲ್ಲ ಎಂದು ದೂರು ಬಂದರೆ 30 ದಿನದೊಳಗೆ ಮೀಟರ್ ಪರೀಕ್ಷೆಯಾಗಬೇಕು. 2024ರ ಫೆಬ್ರವರಿ ತಿದ್ದುಪಡಿ ಇನ್ನೂ ಮುಂದೆ ಹೋಗಿದೆ: ದೂರು ಬಂದ 5 ದಿನದೊಳಗೆ ಇನ್ನೊಂದು ಮೀಟರ್ ಹಾಕಿ ಕನಿಷ್ಠ ಮೂರು ತಿಂಗಳು ಬಳಕೆಯನ್ನು ತಾಳೆ ನೋಡಬೇಕು. ಈ ಎರಡನೆಯದು ಬಹಳ ಕೌಂಟರ್‌ಗಳಲ್ಲಿ ಬಾಯಿಗೆ ಬರುವುದಿಲ್ಲ, ಆದ್ದರಿಂದ ಅರ್ಜಿಯಲ್ಲೇ ಕೇಳಿಕೊಳ್ಳಿ.

ವಿವಾದ ಇರುವಾಗ ಬಿಲ್ ಕಟ್ಟದೆ ಕೂರಬೇಡಿ. 2003ರ ವಿದ್ಯುತ್ ಕಾಯ್ದೆಯ 56ನೇ ಕಲಮಿನಲ್ಲಿ ದಾರಿಯಿದೆ: ಕೇಳಿದ ಮೊತ್ತ ಅಥವಾ ಹಿಂದಿನ ಆರು ತಿಂಗಳು ಕಟ್ಟಿದ ಸರಾಸರಿ, ಯಾವುದು ಕಡಿಮೆಯೋ ಅದನ್ನು ಆಕ್ಷೇಪ ದಾಖಲಿಸಿ ಕಟ್ಟಿದರೆ ವಿವಾದ ಮುಗಿಯುವವರೆಗೆ ಸಂಪರ್ಕ ಕತ್ತರಿಸುವಂತಿಲ್ಲ. ಆನ್‌ಲೈನಿನಲ್ಲಿ ಅರ್ಧ ಮೊತ್ತ ಕಟ್ಟಿ ಸುಮ್ಮನಾದರೆ ಅದು ಬಾಕಿ ಎಂದೇ ನಮೂದಾಗುತ್ತದೆ. ಆಕ್ಷೇಪದ ಪತ್ರ ಕೊಟ್ಟು ಸ್ವೀಕೃತಿ ಪಡೆಯಲೇಬೇಕು. ರಿಮೋಟಿನಿಂದಲೇ ರಿಲೇ ತೆರೆದು ಕರೆಂಟ್ ನಿಲ್ಲಿಸಬಲ್ಲ ಮೀಟರ್ ಇದು, ಲೈನ್‌ಮ್ಯಾನ್ ಬಂದಾಗ ಮಾತಾಡೋಣ ಎಂದರೆ ಆಗುವುದಿಲ್ಲ.

ತಾಳೆ ಮೀಟರ್ ಮತ್ತು ಪರೀಕ್ಷೆ

ತಾಳೆ ನೋಡುವ ಮೀಟರನ್ನು ಸರಣಿಯಲ್ಲಿ ಹಾಕುತ್ತಾರೆ, ಮನೆಯ ಪೂರ್ತಿ ಕರೆಂಟ್ ಎರಡರ ಮೂಲಕವೂ ಹಾಯುತ್ತದೆ. ಫೇಸ್ ಜೊತೆ ನ್ಯೂಟ್ರಲ್ ಕೂಡ ಅದರೊಳಗಿಂದಲೇ ಹೋಗಿದೆಯೇ ಎಂದು ಹಾಕುವಾಗಲೇ ನೋಡಿಕೊಳ್ಳಿ. ನಡುವೆ ಯಾವ ತಂತಿಯೂ ಕವಲೊಡೆಯಬಾರದು. ಎರಡರ ಆರಂಭದ ರೀಡಿಂಗ್ ಕಾಗದದ ಮೇಲೆ ಬರೆಸಿ ಸಹಿ ಹಾಕಿಸಿ.

ಪ್ರತಿದಿನ ಒಂದೇ ಹೊತ್ತಿಗೆ ಎರಡೂ ರೀಡಿಂಗ್ ಬರೆದಿಡುವುದು ಬೇಸರದ ಕೆಲಸ, ಆದರೆ ದೋಷದ ಜಾತಿ ತಿಳಿಯುವುದು ಅದರಿಂದಲೇ. ವ್ಯತ್ಯಾಸ ಪ್ರತಿದಿನ ಒಂದೇ ಶೇಕಡಾ ಇದ್ದರೆ ಅದು ಅಳತೆಯ ದೋಷ. ಬಳಕೆ ಎಷ್ಟಿದ್ದರೂ ದಿನಕ್ಕೆ ಇಷ್ಟೇ ಯೂನಿಟ್ ಎಂದು ವ್ಯತ್ಯಾಸ ಸ್ಥಿರವಾಗಿದ್ದರೆ ಲೋಡಿಲ್ಲದೆ ಓಡುವ ದೋಷ ಅಥವಾ ಎರಡು ಮೀಟರ್‌ಗಳ ನಡುವೆ ಸೋರಿಕೆ. ಕೆಲವು ದಿನ ಮಾತ್ರ ವ್ಯತ್ಯಾಸ ಬಂದರೆ ಮತ್ತೆ ನ್ಯೂಟ್ರಲ್ ಬೆರಕೆಯ ಕಡೆ ನೋಡಿ. ಇಲ್ಲಿ ಒಂದು ವಾರದಲ್ಲಿ ಸ್ಮಾರ್ಟ್ ಮೀಟರ್ 58.1 ಎಣಿಸಿದರೆ ತಾಳೆ ಮೀಟರ್ 46.0 ಎಣಿಸಿತು. ಅನುಪಾತ ಮತ್ತೆ 1.26. ಬೇರೆ ವಾರಗಳಲ್ಲಿ ಬಳಕೆ ಏರಿಳಿದರೂ ಈ ಅನುಪಾತ ಕದಲಲಿಲ್ಲ.

ಮೀಟರ್ ಟೆಸ್ಟಿಂಗ್ ವಿಭಾಗದವರು, ಎಲ್ಲರೂ ಕರೆಯುವಂತೆ ಎಂ.ಟಿ.ಯವರು, ಸ್ಥಳಕ್ಕೆ ಬರುವಾಗ ಒಂದು ರೆಫರೆನ್ಸ್ ಮೀಟರ್ ತರುತ್ತಾರೆ. ಕರೆಂಟಿಗೆ ಕ್ಲ್ಯಾಂಪ್, ವೋಲ್ಟೇಜಿಗೆ ಕ್ಲಿಪ್, ಎಲ್‌ಇಡಿ ಓದಲು ಒಂದು ಸ್ಕ್ಯಾನರ್. ಎರಡನ್ನೂ ಹೋಲಿಸಿ ಶೇಕಡಾವಾರು ದೋಷ ಹೇಳುತ್ತದೆ. ಇಲ್ಲಿ ಗ್ರಾಹಕ ಕೇಳಲೇಬೇಕಾದ ಒಂದು ವಿಷಯವಿದೆ. ಉಪಕರಣದ ಕೃತಕ ಲೋಡನ್ನು ಫೇಸ್ ಅಂಗದ, ಅಂದರೆ ಫೇಸ್ ಬದಿಯ ಅಳತೆಯ ಭಾಗದ, ಮೂಲಕ ಮಾತ್ರ ಹಾಯಿಸಿದರೆ ನ್ಯೂಟ್ರಲ್ ಅಂಗಕ್ಕೆ ಕರೆಂಟೇ ಹೋಗುವುದಿಲ್ಲ, ಈ ಮೀಟರ್ ಸಲೀಸಾಗಿ ಪಾಸಾಗುತ್ತದೆ. ‘ಫೇಸ್ ಅಂಗ, ನ್ಯೂಟ್ರಲ್ ಅಂಗ ಎರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ, ಎರಡೂ ದೋಷವನ್ನು ವರದಿಯಲ್ಲಿ ಬರೆಯಿರಿ’ ಎಂದು ವಿನಯದಿಂದ, ಆದರೆ ಬರವಣಿಗೆಯಲ್ಲಿ ಕೇಳಿ. ಇಲ್ಲವೇ ಮನೆಯ ನಿಜವಾದ ಲೋಡಿನ ಮೇಲೆ ಪರೀಕ್ಷಿಸುವಂತೆ ಹೇಳಿ, ಅದರಲ್ಲಿ ಎರಡೂ ಅಂಗ ಕೆಲಸ ಮಾಡುತ್ತವೆ. ನಮಗೆ ಬಂದ ವರದಿಯಲ್ಲಿ ಫೇಸ್ ಅಂಗ ಮಿತಿಯೊಳಗಿತ್ತು, ನ್ಯೂಟ್ರಲ್ ಅಂಗ ಶೇಕಡಾ 26.2 ಹೆಚ್ಚಿತ್ತು.

ಮೀಟರನ್ನು ಬಿಚ್ಚಿ ಪ್ರಯೋಗಾಲಯಕ್ಕೆ ಒಯ್ಯುವುದಾದರೆ ಚೀಲದಲ್ಲಿಟ್ಟು ಸೀಲ್ ಮಾಡಿ, ಸೀಲ್ ನಂಬರನ್ನು ಎರಡೂ ಕಡೆಯವರ ಸಹಿಯೊಂದಿಗೆ ಬರೆಯಬೇಕು. ತೆರೆಯುವ ದಿನ ಹಾಜರಿರುವುದಾಗಿ ತಿಳಿಸಿ. ಮೀಟರ್‌ನ ಆಪ್ಟಿಕಲ್ ಪೋರ್ಟಿನಿಂದ ಘಟನಾವಳಿ ಮತ್ತು ಅರ್ಧ ಗಂಟೆಯ ಲೋಡ್ ದಾಖಲೆ ತೆಗೆದು ಮುದ್ರಿತ ಪ್ರತಿ ಕೊಡುವಂತೆ ಕೇಳಿ. ಕವರ್ ತೆರೆದ ಘಟನೆ ಇಲ್ಲ, ಅಯಸ್ಕಾಂತದ ಘಟನೆ ಇಲ್ಲ ಎಂಬುದಕ್ಕೆ ಆ ಪ್ರತಿಯೇ ಸಾಕ್ಷಿ. ಅಯಸ್ಕಾಂತದ ಮಾತು ಬಂದದ್ದರಿಂದ: ಕೆಲವು ಮೀಟರ್‌ಗಳು ಬಲವಾದ ಅಯಸ್ಕಾಂತ ಹತ್ತಿರ ಬಂದರೆ ತಮ್ಮ ಗರಿಷ್ಠ ಕರೆಂಟಿನಲ್ಲೇ ಎಣಿಸತೊಡಗುತ್ತವೆ. 30 ಆಂಪಿಯರ್ ಮೀಟರಿಗೆ ಅದು ಗಂಟೆಗೆ 7 ಯೂನಿಟ್‌ಗೂ ಹೆಚ್ಚು. ಮೀಟರ್ ಪೆಟ್ಟಿಗೆಯ ಪಕ್ಕ ಹಳೆಯ ದೊಡ್ಡ ಸ್ಪೀಕರ್ ಇಡಬೇಡಿ.

ಬಿಲ್ ತಿದ್ದುಪಡಿಯ ಲೆಕ್ಕ

ದೋಷ ಒಪ್ಪಿದ ಮೇಲೂ ಲೆಕ್ಕದಲ್ಲಿ ಎರಡು ಕಡೆ ಎಡವುತ್ತಾರೆ. ಮೊದಲನೆಯದು ಶೇಕಡಾವಾರು. ಮೀಟರ್ ಶೇಕಡಾ 26.2 ಹೆಚ್ಚು ಎಣಿಸಿದೆ ಎಂದರೆ 240ರಿಂದ ಶೇಕಡಾ 26.2 ಕಳೆಯುವುದಲ್ಲ. 240ನ್ನು 1.262ರಿಂದ ಭಾಗಿಸಬೇಕು, ನಿಜವಾದ ಬಳಕೆ 190 ಯೂನಿಟ್. ಕಳೆದರೆ 177 ಬರುತ್ತದೆ, ಅದು ನಮಗೆ ಲಾಭವಾದರೂ ಸರಿಯಲ್ಲ. ಲೆಕ್ಕಪತ್ರದವರು ಮುಂದೊಂದು ದಿನ ಅದನ್ನೇ ಬಾಕಿ ಎಂದು ಎತ್ತುತ್ತಾರೆ. ಪಂಪಿನ ನ್ಯೂಟ್ರಲ್ ಸೇರಿದ್ದ ತಿಂಗಳುಗಳ 290ನ್ನು ಇದೇ ರೀತಿ ಭಾಗಿಸಿದರೆ 230 ಬರುತ್ತದೆ. ಅದರಲ್ಲಿನ 40 ಯೂನಿಟ್ ಪಂಪಿನದು. ವೈರಿಂಗ್ ಗ್ರಾಹಕರ ಹೊಣೆ, ಆ ಪಾಲನ್ನು ಕೇಳಲಿಲ್ಲ. ಕೇಳದೆ ಬಿಟ್ಟದ್ದರಿಂದ ಉಳಿದ ಲೆಕ್ಕವನ್ನು ಯಾರೂ ಪ್ರಶ್ನಿಸಲಿಲ್ಲ.

ಎರಡನೆಯದು ಗೃಹಜ್ಯೋತಿ. ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. 240 ಎಂದು ಎಣಿಸಿದ ತಿಂಗಳು ನಿಜವಾಗಿ 190. ಹಾಗಾಗಿ ಹಿಂತಿರುಗಬೇಕಾದದ್ದು 50 ಯೂನಿಟ್‌ನ ಹಣವಷ್ಟೇ ಅಲ್ಲ, ಆ ತಿಂಗಳ ಗೃಹಜ್ಯೋತಿ ಸೌಲಭ್ಯವೂ ಹೌದು. ಮನೆಗೆ ನಿಗದಿಯಾದ ಅರ್ಹ ಯೂನಿಟ್ಟಿಗಿಂತ ಮೇಲಿನದ್ದನ್ನು ಮಾತ್ರ ಕಟ್ಟಿದರೆ ಸಾಕು. ಯೂನಿಟ್ ತಿದ್ದಿ ದರದಿಂದ ಗುಣಿಸಿ ಕೈತೊಳೆದುಕೊಂಡರೆ ದೊಡ್ಡ ಮೊತ್ತ ಅಲ್ಲೇ ಉಳಿಯುತ್ತದೆ. ಅರ್ಜಿಯಲ್ಲಿ ಇದನ್ನು ಬೇರೆಯೇ ಸಾಲಾಗಿ ಬರೆಯಿರಿ.

ಇನ್ನೊಂದು ಮರೆಯಬಾರದ್ದು ಗರಿಷ್ಠ ಬೇಡಿಕೆ. ಕರೆಂಟನ್ನೇ 1.26 ಪಟ್ಟು ಓದುವ ಮೀಟರ್ ಬೇಡಿಕೆಯನ್ನೂ ಅಷ್ಟೇ ಏರಿಸಿರುತ್ತದೆ. ನಿಜವಾಗಿ 2.6 ಕಿಲೋವ್ಯಾಟ್ ಬಳಸಿದ ಅರ್ಧ ಗಂಟೆ 3.28 ಎಂದು ದಾಖಲಾಗಿ ಮಂಜೂರಾದ 3ನ್ನು ದಾಟುತ್ತದೆ. ಗ್ರಾಹಕರ ಹಕ್ಕುಗಳ ಅದೇ ನಿಯಮಗಳ 2023ರ ಜೂನ್ ತಿದ್ದುಪಡಿಯಂತೆ ಆರ್ಥಿಕ ವರ್ಷದಲ್ಲಿ ಕನಿಷ್ಠ ಮೂರು ಸಲ ಮೀರಿದರೆ ಮಾತ್ರ ಲೋಡ್ ಪರಿಷ್ಕರಿಸಬಹುದು. ಕೆಟ್ಟ ಮೀಟರ್‌ನ ದಾಖಲೆ ಆ ಮೂರರಲ್ಲಿ ಸೇರದಂತೆ ತಿದ್ದುಪಡಿ ಆದೇಶದಲ್ಲೇ ಬರೆಸಿಕೊಳ್ಳಬೇಕು. ಇಲ್ಲದಿದ್ದರೆ ವರ್ಷದ ಕೊನೆಗೆ ಲೋಡ್ ಹೆಚ್ಚಿಸುವ ನೋಟಿಸ್ ಬಂದು, ನಿಗದಿತ ಶುಲ್ಕ ಶಾಶ್ವತವಾಗಿ ಏರುತ್ತದೆ.

ಉಪವಿಭಾಗದಲ್ಲಿ ಉತ್ತರ ಬಾರದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅಲ್ಲಿಯೂ ಆಗದಿದ್ದರೆ ವಿದ್ಯುತ್ ಓಂಬುಡ್ಸ್‌ಮನ್. ವಕೀಲರು ಬೇಕಿಲ್ಲ; ಸ್ವೀಕೃತಿಯ ಪ್ರತಿ, ಪರೀಕ್ಷಾ ವರದಿ, ದಿನವಹಿ ರೀಡಿಂಗ್ ಇದ್ದರೆ ಸಾಕು. ನಮ್ಮ ಕಡತ ಅಲ್ಲಿವರೆಗೆ ಹೋಗಲಿಲ್ಲ, ವರದಿಯ ಮೇಲೆಯೇ ತಿದ್ದುಪಡಿ ಆಯಿತು. ಹೆಚ್ಚುವರಿ ಮೊತ್ತ ಮುಂದಿನ ಬಿಲ್‌ಗಳಲ್ಲಿ ಜಮೆಯಾಯಿತು.

ಹೊಸ ಮೀಟರ್ ಹಾಕುವ ದಿನ

ಕೆಟ್ಟ ಮೀಟರ್‌ನ ಕೊನೆಯ ರೀಡಿಂಗ್, ಹೊಸದರ ಆರಂಭದ ರೀಡಿಂಗ್, ಎರಡರ ಸೀರಿಯಲ್, ಹೊಸ ಸೀಲ್ ನಂಬರ್‌ಗಳು ಬದಲಾವಣೆ ವರದಿಯಲ್ಲಿ ಇವೆಯೇ ನೋಡಿ ಸಹಿ ಹಾಕಿ. ಹೊಸದೆಂದರೆ ಸೊನ್ನೆಯೇ ಆಗಿರಬೇಕೆಂದಿಲ್ಲ, ಕಾರ್ಖಾನೆಯ ಪರೀಕ್ಷೆಯ ಒಂದೆರಡು ಯೂನಿಟ್ ಇರಬಹುದು. ಟರ್ಮಿನಲ್ ಸ್ಕ್ರೂ ಬಿಗಿ ಮಾಡುವಾಗ ಎದುರಿಗೇ ನಿಂತಿರಿ. ಸಡಿಲ ಸ್ಕ್ರೂ ಕಾದು ಟರ್ಮಿನಲ್ ಸುಡುವುದು ಈ ಮೀಟರ್‌ಗಳ ಇನ್ನೊಂದು ಸಾಮಾನ್ಯ ತೊಂದರೆ, ಅದರಲ್ಲೂ ಅಲ್ಯೂಮಿನಿಯಂ ಸರ್ವಿಸ್ ವೈರ್ ಇರುವಲ್ಲಿ. ಅಲ್ಯೂಮಿನಿಯಂ ಬಿಸಿಯಾಗಿ ಹಿಗ್ಗಿ, ಆರಿ ಕುಗ್ಗಿ, ದಿನ ಕಳೆದಂತೆ ಸ್ಕ್ರೂ ಕೆಳಗೆ ಸಡಿಲವಾಗುತ್ತದೆ. ತುದಿಗೆ ಸರಿಯಾದ ಲಗ್ ಒತ್ತಿ ಹಾಕಿಸಿ.

ಸಿಬ್ಬಂದಿ ಹೊರಡುವ ಮುನ್ನವೇ ಹೀಟರ್ ರಾಡ್ ಆನ್ ಮಾಡಿ ಗುಂಡಿ ಒತ್ತಿ. ಫೇಸ್, ನ್ಯೂಟ್ರಲ್ ಎರಡೂ ಕರೆಂಟ್ ಒಂದೇ ಇರಬೇಕು, ಅರ್ತ್ ಸೂಚನೆ ಇರಬಾರದು. ಆಮೇಲೆ ಪಂಪ್ ಹಾಕಿ ಇನ್ನೊಮ್ಮೆ ನೋಡಿ, ಕೆಳಗಿನ ಮನೆಯ ಮೀಟರ್‌ನಲ್ಲಿಯೂ ಇದೇ ಪರೀಕ್ಷೆ ಮಾಡಿ. ಬದಲಾವಣೆ ಆದ ತಿಂಗಳ ಬಿಲ್ಲಿನಲ್ಲಿ ಹಳೆಯ ಮೀಟರ್‌ನ ಯೂನಿಟ್ ಮತ್ತು ಹೊಸದರ ಯೂನಿಟ್ ಬೇರೆ ಬೇರೆಯಾಗಿ ಕೂಡಿರುತ್ತವೆ. ಹಳೆಯದರ ಪಾಲಿಗೂ 1.262ರ ಭಾಗಾಕಾರ ಅನ್ವಯವಾಗಿದೆಯೇ ಎಂದು ಲೆಕ್ಕ ಹಾಕಿ ನೋಡಿ, ಏಕೆಂದರೆ ತಿದ್ದುಪಡಿ ಆದೇಶ ಸಾಮಾನ್ಯವಾಗಿ ಪೂರ್ತಿ ತಿಂಗಳುಗಳಿಗೆ ಬರೆದಿರುತ್ತದೆ, ಈ ಮುರಿದ ತಿಂಗಳು ಅದರಿಂದ ಜಾರಿಕೊಳ್ಳುತ್ತದೆ.